ಹೇಗ್ ನ್ಯಾಯಾಲಯಕ್ಕೆ ದೂರು ಕಳಿಸುವ ದಾರಿ: ಧಾರವಾಡದ ವಕೀಲನೊಬ್ಬನ ಮಾರ್ಗದರ್ಶಿ

2022ರ ಏಪ್ರಿಲ್‌ನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಆರು ಹಾಳೆ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ಅವರ ಮಗ ಉಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ. ಯುದ್ಧ ಶುರುವಾದ ಮೇಲೆ ನೆಲಮಾಳಿಗೆಯಲ್ಲಿ ದಿನ ಕಳೆದು, ಹೇಗೋ ಊರು ಸೇರಿದ್ದ. ಮಾರ್ಚ್ 1ರಂದು ಅದೇ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ ಸುದ್ದಿಯನ್ನು ಈ ಭಾಗದ ಯಾರೂ ಮರೆತಿಲ್ಲ.

"ವಕೀಲರ, ಇದನ್ನ ಆ ಹೇಗ್ ಕೋರ್ಟಿಗೆ ಕಳಸೂದು ಹ್ಯಾಂಗ್ರಿ?" ಅಂತ ಕೇಳಿದರು.

ಹಾಳೆಗಳನ್ನು ಓದಿದೆ. ಐದೂವರೆ ಪುಟ ಸಿಟ್ಟು, ಸಂಕಟ. ಮಗ ಏನು ನೋಡಿದ, ಎಲ್ಲಿ ನಿಂತು ನೋಡಿದ, ಎಷ್ಟು ಹೊತ್ತಿಗೆ ಅನ್ನುವುದು ನಾಲ್ಕೇ ಸಾಲು. ಆ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಹೇಗ್‌ನಲ್ಲಿ ಕೂತು ಅದನ್ನು ಓದುವ ಅಧಿಕಾರಿಗೆ ಕೆಲಸಕ್ಕೆ ಬರುವುದು ಆ ನಾಲ್ಕು ಸಾಲು ಮಾತ್ರ. ಮೂರು ವಾರ ಕೂತು ಆ ನಾಲ್ಕು ಸಾಲನ್ನು ನಾವು ಒಂಬತ್ತು ಪುಟ ಮಾಡಿದೆವು. ಆಗ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಾಗಿಲು ಯಾವುದು ನೋಡಿ

ಹೇಗ್ ನೆದರ್ಲೆಂಡ್ಸ್ ದೇಶದ ಒಂದು ನಗರ. ಅಲ್ಲಿ ಎರಡು ದೊಡ್ಡ ನ್ಯಾಯಾಲಯಗಳಿವೆ. ನಮ್ಮಲ್ಲಿ ಬಹಳ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಟಿವಿಯಲ್ಲಿ ಕುಲಭೂಷಣ್ ಜಾಧವ್ ಪ್ರಕರಣ ನೋಡಿದ್ದು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ. ಅಲ್ಲಿ ದೇಶದ ಮೇಲೆ ದೇಶ ದಾವೆ ಹೂಡುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು 1952ರಲ್ಲಿ ನ್ಯಾಯಾಧೀಶರಾಗಿ ಹೋಗಿದ್ದು ಅದೇ ನ್ಯಾಯಾಲಯಕ್ಕೆ. ನೀವು, ನಾನು ಅಲ್ಲಿಗೆ ಅರ್ಜಿ ಹಾಕಲು ಬರುವುದಿಲ್ಲ.

ಇನ್ನೊಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ರೋಮ್ ಒಪ್ಪಂದದಿಂದ ಹುಟ್ಟಿದ್ದು. ಒಪ್ಪಂದ ಆಗಿದ್ದು 1998ರ ಜುಲೈ 17ರಂದು, ಜಾರಿಗೆ ಬಂದಿದ್ದು 2002ರ ಜುಲೈ 1ರಂದು. ಇದು ದೇಶಗಳನ್ನು ವಿಚಾರಣೆ ಮಾಡುವುದಿಲ್ಲ, ಮನುಷ್ಯರನ್ನು ಮಾಡುತ್ತದೆ. ಆರೋಪಿ ರಾಷ್ಟ್ರಾಧ್ಯಕ್ಷನಾಗಿದ್ದರೂ ಇಲ್ಲಿ ಅದು ರಕ್ಷಣೆ ಕೊಡುವುದಿಲ್ಲ. ಈ ನ್ಯಾಯಾಲಯದ ಪ್ರಾಸಿಕ್ಯೂಟರ್, ಅಂದರೆ ತನಿಖೆ ಮಾಡಿ ಆರೋಪ ಹೊರಿಸುವ ಅಧಿಕಾರಿಯ ಕಚೇರಿಗೆ ಯಾರು ಬೇಕಾದರೂ ಮಾಹಿತಿ ಕಳಿಸಬಹುದು. ರೋಮ್ ಒಪ್ಪಂದದ 15ನೇ ವಿಧಿಯಲ್ಲಿ ಇದಕ್ಕೆ ಜಾಗ ಇದೆ. ಫೀಸು ಇಲ್ಲ. ವಕೀಲರೇ ಬರೆಯಬೇಕು ಅಂತಲೂ ಇಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ನಾವು ದೂರು ಅನ್ನುತ್ತೇವೆ, ಅಲ್ಲಿ ಅದನ್ನು ಕಮ್ಯುನಿಕೇಶನ್ ಅನ್ನುತ್ತಾರೆ. ಅಂದರೆ ಮಾಹಿತಿ ಪತ್ರ. ಇದು ಎಫ್‌ಐಆರ್ ಅಲ್ಲ. ನಮ್ಮ ಠಾಣೆಯಲ್ಲಿ ಗಂಭೀರ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಹೇಗ್‌ನಲ್ಲಿ ಆ ಕಡ್ಡಾಯ ಇಲ್ಲ. ಮಾಹಿತಿ ತೂಗಿ ನೋಡಿ, ತನಿಖೆ ಮಾಡಬೇಕೋ ಬೇಡವೋ ಅಂತ ಪ್ರಾಸಿಕ್ಯೂಟರ್ ತೀರ್ಮಾನಿಸುತ್ತಾರೆ. ಹೀಗಾಗಿ ಪತ್ರ ಅವರ ಕೆಲಸಕ್ಕೆ ಬರುವಂತಿರಬೇಕು.

ನಿಮ್ಮ ವಿಷಯ ಅಲ್ಲಿಗೆ ಸಲ್ಲುತ್ತದೆಯೇ?

ಬರೆಯಲು ಕೂರುವ ಮೊದಲು ಒಂದು ಖಾಲಿ ಹಾಳೆ ತಗೊಳ್ಳಿ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಅಲ್ಲಿಗೆ ಬರುವ ಪತ್ರಗಳಲ್ಲಿ ಬಹುಪಾಲು ಈ ಹಂತದಲ್ಲೇ ಬಿದ್ದುಹೋಗುತ್ತವೆ.

ಅಪರಾಧ ಯಾವುದು? ನಾಲ್ಕೇ ನಾಲ್ಕು ಬಗೆ. ಒಂದು ನರಮೇಧ: ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಅಳಿಸಿಹಾಕುವ ಉದ್ದೇಶದಿಂದ ಮಾಡಿದ ಕೊಲೆ, ಹಿಂಸೆ. ಎರಡು ಮಾನವಕುಲದ ವಿರುದ್ಧದ ಅಪರಾಧ: ಸಾಮಾನ್ಯ ಜನರ ಮೇಲೆ ದೊಡ್ಡ ಪ್ರಮಾಣದಲ್ಲಿ ಅಥವಾ ಯೋಜನೆ ಹಾಕಿ ನಡೆಸಿದ ದಾಳಿಯ ಭಾಗವಾಗಿ ನಡೆದ ಕೊಲೆ, ಅತ್ಯಾಚಾರ, ಗುಲಾಮಗಿರಿ, ಗಡೀಪಾರು, ಜನರನ್ನು ಕಾಣೆ ಮಾಡುವುದು ಇತ್ಯಾದಿ. ಮೂರು ಯುದ್ಧಾಪರಾಧ: ಯುದ್ಧ ನಡೆಯುತ್ತಿರುವಾಗ ಬೇಕಂತಲೇ ನಾಗರಿಕರ ಮೇಲೆ, ಆಸ್ಪತ್ರೆ, ಶಾಲೆಗಳ ಮೇಲೆ ದಾಳಿ, ಕೈದಿಗಳಿಗೆ ಚಿತ್ರಹಿಂಸೆ, ಮಕ್ಕಳನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದು. ನಾಲ್ಕು ಆಕ್ರಮಣದ ಅಪರಾಧ: ಒಂದು ದೇಶದ ಮುಖಂಡರು ಇನ್ನೊಂದು ದೇಶದ ಮೇಲೆ ಅಕ್ರಮವಾಗಿ ದಂಡೆತ್ತಿ ಹೋಗುವುದು. ನಾಲ್ಕನೆಯದಕ್ಕೆ ನಿಯಮ ಬಹಳ ಬಿಗಿ. ನಮ್ಮಂಥವರ ಪತ್ರ ಬಹುತೇಕ ಎರಡು ಅಥವಾ ಮೂರನೆಯದರ ಕೆಳಗೆ ಬರುತ್ತದೆ.

ವೀಸಾ ಏಜೆಂಟ್ ದುಡ್ಡು ನುಂಗಿದ್ದು, ಗಲ್ಫ್‌ನಲ್ಲಿ ಮಾಲೀಕ ಪಗಾರ ಕೊಡದಿದ್ದದ್ದು, ಇಲ್ಲಿನ ಕೋರ್ಟಿನಲ್ಲಿ ಸೋತ ಜಮೀನಿನ ಕೇಸು, ಇವೆಲ್ಲ ದೊಡ್ಡ ಅನ್ಯಾಯಗಳೇ. ಆದರೆ ಹೇಗ್ ಮೇಲ್ಮನವಿ ಕೋರ್ಟ್ ಅಲ್ಲ. ಇಂಥ ವಿಷಯಕ್ಕೆ ಅಲ್ಲಿಗೆ ಬರೆದು ತಿಂಗಳುಗಟ್ಟಲೆ ಕಾದರೆ, ಇಲ್ಲಿ ದೂರು ಕೊಡುವ ಅವಧಿ ಮುಗಿದುಹೋಗುತ್ತದೆ.

ಯಾವಾಗ ನಡೆದದ್ದು? 2002ರ ಜುಲೈ 1ಕ್ಕಿಂತ ಹಿಂದಿನದು ಯಾವುದೂ ಸಲ್ಲುವುದಿಲ್ಲ. ಒಂದು ದೇಶ ಆಮೇಲೆ ರೋಮ್ ಒಪ್ಪಂದಕ್ಕೆ ಸೇರಿ ಸದಸ್ಯನಾಗಿದ್ದರೆ ಸಾಮಾನ್ಯವಾಗಿ ಆ ದಿನದಿಂದ ಲೆಕ್ಕ. ಅಪರಾಧ ಹಳೆಯದಾಯಿತು, ಅವಧಿ ಮೀರಿತು ಅನ್ನುವ ಮಾತು ಮಾತ್ರ ಅಲ್ಲಿ ಇಲ್ಲ.

ಎಲ್ಲಿ ನಡೆದದ್ದು, ಮಾಡಿದವರು ಯಾವ ದೇಶದವರು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಪರಾಧ ಸದಸ್ಯ ದೇಶದ ನೆಲದಲ್ಲಿ ನಡೆದಿರಬೇಕು, ಇಲ್ಲವೇ ಆರೋಪಿ ಸದಸ್ಯ ದೇಶದ ಪ್ರಜೆಯಾಗಿರಬೇಕು. ಎರಡರಲ್ಲಿ ಒಂದಿದ್ದರೆ ಸಾಕು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿಸಿದರೆ ಅಥವಾ ಸದಸ್ಯನಲ್ಲದ ದೇಶ ತಾನಾಗಿ ಒಪ್ಪಿಗೆ ಕೊಟ್ಟರೆ ಮಾತ್ರ ಇದಕ್ಕೆ ಹೊರತು. ಭಾರತ ಸದಸ್ಯ ಅಲ್ಲ. 1998ರಲ್ಲಿ ರೋಮ್‌ನಲ್ಲಿ ಮತದಾನ ನಡೆದಾಗ ಭಾರತ ಪರವೂ ಹಾಕಲಿಲ್ಲ, ವಿರುದ್ಧವೂ ಹಾಕಲಿಲ್ಲ. ಹಾಗಾಗಿ ಭಾರತದ ನೆಲದಲ್ಲಿ ಭಾರತೀಯರೇ ಮಾಡಿದ್ದನ್ನು ಅಲ್ಲಿಗೆ ಒಯ್ಯಲು ದಾರಿ ಇಲ್ಲ ಅಂತಲೇ ತಿಳಿಯಿರಿ.

ಆದರೆ ನೊಂದವರು ಯಾವ ದೇಶದವರು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ! ಆ ಹಿರಿಯರು ಮೊದಲ ದಿನ ನನ್ನನ್ನು ಕೇಳಿದ್ದು ಇದನ್ನೇ: "ನಾವು ಭಾರತದವರು, ಭಾರತ ಮೆಂಬರ್ ಅಲ್ಲ, ನಮ್ಮ ಮಾತು ಕೇಳ್ತಾರೇನ್ರಿ?" ಕೇಳುತ್ತಾರೆ. ಖಾರ್ಕಿವ್ ಉಕ್ರೇನಿನ ನೆಲ. ಉಕ್ರೇನ್ ಆಗ ಸದಸ್ಯನಾಗಿರಲಿಲ್ಲ. ಆದರೆ ತನ್ನ ನೆಲದ ಮಟ್ಟಿಗೆ ನ್ಯಾಯಾಲಯದ ಅಧಿಕಾರವನ್ನು 2014 ಮತ್ತು 2015ರಲ್ಲೇ ಬರೆದುಕೊಟ್ಟು ಒಪ್ಪಿಕೊಂಡಿತ್ತು. 2025ರ ಜನವರಿ 1ರಿಂದ ಪೂರ್ಣ ಸದಸ್ಯ. ರಷ್ಯಾ ಸದಸ್ಯ ಅಲ್ಲ, ಆದರೂ ಉಕ್ರೇನಿನ ನೆಲದಲ್ಲಿ ನಡೆದದ್ದಕ್ಕೆ ನ್ಯಾಯಾಲಯದ ಅಧಿಕಾರ ಇದೆ. 2022ರ ಮಾರ್ಚ್ 2ರಂದು ಪ್ರಾಸಿಕ್ಯೂಟರ್ ತನಿಖೆ ತೆರೆದರು. ಆ ನೆಲದಲ್ಲಿ ಏಟು ತಿಂದವನು ಕೀವ್‌ನವನಾದರೂ ಅಷ್ಟೇ, ರಾಣೆಬೆನ್ನೂರಿನವನಾದರೂ ಅಷ್ಟೇ.

ರೋಹಿಂಗ್ಯಾ ಪ್ರಕರಣ ಇನ್ನೂ ಸೂಕ್ಷ್ಮ. ಮ್ಯಾನ್ಮಾರ್ ಸದಸ್ಯ ಅಲ್ಲ. ಆದರೆ ಜನರನ್ನು ಹೊಡೆದು ಓಡಿಸಿದ್ದು ಗಡಿ ದಾಟಿ ಬಾಂಗ್ಲಾದೇಶಕ್ಕೆ. ಬಾಂಗ್ಲಾದೇಶ ಸದಸ್ಯ. ಗಡೀಪಾರು ಅನ್ನುವ ಅಪರಾಧದ ಒಂದು ಭಾಗ ಬಾಂಗ್ಲಾ ನೆಲದಲ್ಲಿ ಪೂರ್ತಿಯಾಯಿತು ಅಂತ ನ್ಯಾಯಾಧೀಶರು ಒಪ್ಪಿ, 2019ರ ನವೆಂಬರ್ 14ರಂದು ತನಿಖೆಗೆ ಅನುಮತಿ ಕೊಟ್ಟರು. ಹಾಗಾಗಿ ನಿಮ್ಮ ಘಟನೆ ಯಾವ ಗಡಿ ದಾಟಿತು ಅಂತ ನೋಡಿ.

ಎಷ್ಟು ನೋವಿದ್ದರೂ ದಾರಿ ಸಿಗದ ಸಂದರ್ಭಗಳೂ ಇವೆ. ಹುಬ್ಬಳ್ಳಿಗೆ ಸಂತೆ, ಆಸ್ಪತ್ರೆ ಅಂತ ಬರುವ ಮುಂಡಗೋಡಿನ ಟಿಬೆಟನ್ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಚೀನಾ ಸದಸ್ಯ ಅಲ್ಲ, ನೆಲವೂ ಸದಸ್ಯ ದೇಶದ್ದಲ್ಲ. ಅದಕ್ಕೇ ಟಿಬೆಟ್ ಪರವಾದವರು ಹೇಗ್ ಬಿಟ್ಟು ಸ್ಪೇನ್ ದೇಶದ ನ್ಯಾಯಾಲಯದ ಬಾಗಿಲು ಬಡಿದರು. ಬೇರೆ ದೇಶದಲ್ಲಿ ನಡೆದ ಇಂಥ ಅಪರಾಧವನ್ನೂ ಅಲ್ಲಿ ವಿಚಾರಣೆ ಮಾಡಬಹುದಿತ್ತು. 2014ರಲ್ಲಿ ಸ್ಪೇನ್ ಆ ಕಾನೂನನ್ನೇ ಬಿಗಿ ಮಾಡಿತು.

ಕೊನೆಯ ಪ್ರಶ್ನೆ: ಆ ದೇಶದ ಕೋರ್ಟೇ ಇದನ್ನು ಪ್ರಾಮಾಣಿಕವಾಗಿ ವಿಚಾರಣೆ ಮಾಡುತ್ತಿದೆಯೇ? ಮಾಡುತ್ತಿದ್ದರೆ ಹೇಗ್ ಕೈ ಹಾಕುವುದಿಲ್ಲ. ಮಾಡುತ್ತಿಲ್ಲ, ಇಲ್ಲವೇ ತೋರಿಕೆಗೆ ಮಾಡುತ್ತಿದೆ ಅಂದರೆ ಅದಕ್ಕೆ ನಿಮ್ಮ ಬಳಿ ಇರುವ ಕಾಗದ ಎತ್ತಿಟ್ಟುಕೊಳ್ಳಿ: ಕೊಟ್ಟ ದೂರಿನ ಪ್ರತಿ, ಸ್ವೀಕೃತಿ, ತಿರಸ್ಕಾರದ ಪತ್ರ.

ಸಾಕ್ಷ್ಯ: ಮುಟ್ಟುವ ಮೊದಲು ಕಾಪಾಡಿ

ಆ ಹುಡುಗನ ಫೋನಿನಲ್ಲಿ ನಲವತ್ತು ಫೋಟೊ, ಹನ್ನೊಂದು ವಿಡಿಯೊ ಇದ್ದವು. ಊರಿಗೆ ಬಂದ ವಾರದೊಳಗೆ ಅವು ಬಂಧುಬಳಗದ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿದ್ದವು. ತಂದೆ ನನಗೆ ಕಳಿಸಿದ್ದೂ ವಾಟ್ಸಾಪ್‌ನಲ್ಲೇ. ಅಲ್ಲಿ ಫೋಟೊ ಚಿಕ್ಕದಾಗುತ್ತದೆ. ತೆಗೆದ ಹೊತ್ತು, ಜಾಗದ ಗುರುತು ಎಲ್ಲ ಉದುರಿಹೋಗುತ್ತದೆ. ಆ ಗುರುತೇ ನಿಮ್ಮ ಸಾಕ್ಷಿ. ನಮ್ಮ ಪುಣ್ಯ, ಮೂಲ ಫೈಲುಗಳು ಫೋನಿನಲ್ಲಿ ಹಾಗೇ ಉಳಿದಿದ್ದವು.

ಮೊದಲ ಕೆಲಸ, ಫೋನನ್ನು ಪಕ್ಕಕ್ಕಿಡಿ. ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ, ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ. ಕೇಬಲ್ ಹಾಕಿ ಎಲ್ಲ ಫೈಲುಗಳನ್ನು ಎರಡು ಬೇರೆ ಬೇರೆ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ನಂಬಿಗಸ್ತರ ಮನೆಯಲ್ಲಿ. ಫೈಲಿನ ಹೆಸರು ಬದಲಿಸಬೇಡಿ. ಕತ್ತರಿಸುವುದು, ಬೆಳಕು ಹೆಚ್ಚಿಸುವುದು, ಬಾಣದ ಗುರುತು ಹಾಕುವುದು ಏನೂ ಬೇಡ. ತೋರಿಸಲೇಬೇಕು ಅಂದರೆ ಬೇರೆ ಕಾಪಿಯ ಮೇಲೆ ಮಾಡಿ, ಅದನ್ನು ಬೇರೆ ಫೋಲ್ಡರಿನಲ್ಲಿಡಿ.

ಆಮೇಲೆ ಪ್ರತಿ ಫೈಲಿಗೂ ಹ್ಯಾಷ್ ಸಂಖ್ಯೆ ತೆಗೆಯಿರಿ. ಹ್ಯಾಷ್ ಅಂದರೆ ಫೈಲಿನ ಹೆಬ್ಬೆಟ್ಟು ಇದ್ದ ಹಾಗೆ. ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಉದ್ದನೆಯ ಸಂಖ್ಯೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಎಸ್‌ಎಚ್‌ಎ-256 ಅನ್ನುವ ಬಗೆ ಸಾಕು. ಇದು ಹೊಸ ವಿದ್ಯೆ ಏನಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೂ ಹ್ಯಾಷ್ ಬೇಕು. ಹಾಗಾಗಿ ನಮ್ಮ ಹೈಕೋರ್ಟ್ ಪೀಠದಲ್ಲಿ, ಜಿಲ್ಲಾ ಕೋರ್ಟಿನಲ್ಲಿ ಕೆಲಸ ಮಾಡುವ ಯಾವ ಕಿರಿಯ ವಕೀಲರನ್ನು ಕೇಳಿದರೂ ತೆಗೆದುಕೊಡುತ್ತಾರೆ.

ನಂತರ ಒಂದು ನೋಟ್‌ಬುಕ್ ತೆರೆಯಿರಿ. ಪೊಲೀಸರು ಮುದ್ದೆಮಾಲು ರಿಜಿಸ್ಟರ್ ಇಡುತ್ತಾರಲ್ಲ, ಅದೇ ರೀತಿ. ಯಾವ ಫೈಲು, ಯಾರು ತೆಗೆದರು, ಯಾವ ಫೋನಿನಲ್ಲಿ, ಯಾವ ದಿನ ಯಾರ ಕೈಗೆ ಬಂತು, ಎಲ್ಲಿ ಇಟ್ಟಿದೆ, ಹ್ಯಾಷ್ ಏನು. ಬೇರೆಯವರು ಕಳಿಸಿದ ವಿಡಿಯೊ ಆದರೆ ಕಳಿಸಿದವರು ಯಾರು, ಅವರಿಗೆ ಎಲ್ಲಿಂದ ಬಂತು ಅನ್ನುವುದೂ ಬೇಕು. ತಿಳಿಯದಿದ್ದರೆ ತಿಳಿಯದು ಅಂತಲೇ ಬರೆಯಿರಿ.

ಯೂಟ್ಯೂಬ್, ಫೇಸ್‌ಬುಕ್ ವಿಡಿಯೊ ಕೆಲಸಕ್ಕೆ ಬರುತ್ತದೆಯೇ ಅಂತ ಕೇಳುತ್ತಾರೆ. ಬರುತ್ತದೆ. ಲಿಬಿಯಾದ ಸೇನಾಧಿಕಾರಿ ಮಹಮೂದ್ ಅಲ್-ವೆರ್ಫಲಿ ಮೇಲೆ 2017ರ ಆಗಸ್ಟ್‌ನಲ್ಲಿ ಹೊರಟ ಬಂಧನ ವಾರಂಟಿಗೆ ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದ ವಿಡಿಯೊಗಳೇ ದೊಡ್ಡ ಆಧಾರವಾಗಿದ್ದವು. ಆದರೆ ಲಿಂಕ್ ಒಂದೇ ಸಾಲದು, ಅದು ಯಾವಾಗ ಬೇಕಾದರೂ ಮಾಯವಾಗಬಹುದು. ವಿಳಾಸ, ಹಾಕಿದ ಖಾತೆಯ ಹೆಸರು, ನೀವು ನೋಡಿದ ದಿನ ಮತ್ತು ಹೊತ್ತು ಬರೆದುಕೊಳ್ಳಿ. ವಿಡಿಯೊವನ್ನೂ, ಇಡೀ ಪುಟವನ್ನೂ ಉಳಿಸಿಕೊಳ್ಳಿ.

ಹೊತ್ತಿನ ವಿಷಯ ಬಹಳ ಮುಖ್ಯ. ಮೊದಲ ಕರಡಿನಲ್ಲಿ ನಾವು ಇಲ್ಲಿ ದೊಡ್ಡ ತಪ್ಪು ಮಾಡಿದ್ದೆವು. ಚಳಿಗಾಲದಲ್ಲಿ ಉಕ್ರೇನ್ ನಮಗಿಂತ ಮೂರೂವರೆ ತಾಸು ಹಿಂದೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ತಾಸು ಮುಂದಿಡುತ್ತಾರೆ, ಆಗ ವ್ಯತ್ಯಾಸ ಎರಡೂವರೆ ತಾಸು. ಹುಡುಗ ತಂದೆಗೆ ಕಳಿಸಿದ ಮೆಸೇಜು ತಂದೆಯ ಫೋನಿನಲ್ಲಿ ಭಾರತದ ಹೊತ್ತು ತೋರಿಸುತ್ತಿತ್ತು. ನಾವು ಅದನ್ನೇ ಖಾರ್ಕಿವ್ ಹೊತ್ತು ಅಂತ ಬರೆದುಬಿಟ್ಟಿದ್ದೆವು. ಹಾಗೇ ಹೋಗಿದ್ದರೆ, ಬೆಳಿಗ್ಗೆ ನಡೆದದ್ದು ಮಧ್ಯಾಹ್ನ ಆಗಿ, ಅವನ ಮಾತನ್ನೇ ಯಾರೂ ನಂಬುತ್ತಿರಲಿಲ್ಲ. ಪ್ರತಿ ಹೊತ್ತಿನ ಮುಂದೆ ಯಾವ ದೇಶದ ಹೊತ್ತು ಅಂತ ಬರೆಯಿರಿ.

ಬೇರೆಯವರ ಬಾಯಿ ಬಿಡಿಸಲು ಹೋಗಬೇಡಿ

ಉತ್ಸಾಹದಲ್ಲಿ ನಾವು ಮಾಡಿದ ಇನ್ನೊಂದು ಕೆಲಸ ಈಗಲೂ ನನ್ನ ಮನಸ್ಸಿಗೆ ಚುಚ್ಚುತ್ತದೆ. ಆ ಹುಡುಗನ ಜೊತೆ ಇದ್ದ ಗೆಳತಿಯೊಬ್ಬಳು ಗದಗದಲ್ಲಿದ್ದಳು. ಅವಳ ಹೇಳಿಕೆಯನ್ನೂ ಪೂರ್ತಿ ಬರೆದುಕೊಳ್ಳೋಣ ಅಂತ ಹೋದೆವು. ಎರಡು ತಾಸು ಕೂರಿಸಿ ಕೇಳಿದೆವು. ಆಮೇಲೆ ಅವಳು ಎಷ್ಟೋ ರಾತ್ರಿ ನಿದ್ದೆ ಮಾಡಲಿಲ್ಲ ಅಂತ ಅವಳ ತಾಯಿ ಹೇಳಿದರು. ನಾವು ಹಾಗೆ ಮಾಡಬಾರದಿತ್ತು.

2022ರ ಸೆಪ್ಟೆಂಬರಿನಲ್ಲಿ ಈ ಪ್ರಾಸಿಕ್ಯೂಟರ್ ಕಚೇರಿ, ಯೂರೋಪಿನ ದೇಶಗಳ ಪ್ರಾಸಿಕ್ಯೂಟರುಗಳನ್ನು ಒಟ್ಟುಗೂಡಿಸುವ ಯೂರೋಜಸ್ಟ್ ಸಂಸ್ಥೆ ಸೇರಿ ಸಂಘಸಂಸ್ಥೆಗಳಿಗೆಂದು ಒಂದು ಕೈಪಿಡಿ ತಂದವು. ಅದರ ಸಾರ ಇಷ್ಟು: ಯಾರಿಗೂ ಹಾನಿ ಮಾಡಬೇಡಿ. ಒಬ್ಬರನ್ನೇ ಪದೇ ಪದೇ ಕೇಳಿದರೆ ನೋವು ಕೆದಕಿದಂತಾಗುತ್ತದೆ. ಜೊತೆಗೆ ಒಂದು ಸಲ ಹೇಳಿದ್ದಕ್ಕೂ ಇನ್ನೊಂದು ಸಲ ಹೇಳಿದ್ದಕ್ಕೂ ಸಣ್ಣ ವ್ಯತ್ಯಾಸ ಬರುತ್ತದೆ. ಮುಂದೆ ಎದುರಾಳಿ ವಕೀಲ ಆ ವ್ಯತ್ಯಾಸವನ್ನೇ ಹಿಡಿದು ಸಾಕ್ಷಿಯನ್ನು ಬೀಳಿಸುತ್ತಾನೆ. ಪಾಟೀಸವಾಲು ನೋಡಿದವರಿಗೆ ಇದು ಗೊತ್ತು. ಆದ್ದರಿಂದ ಯಾರು ಏನನ್ನು ನೋಡಿರಬಹುದು, ಅವರನ್ನು ಹೇಗೆ ಸಂಪರ್ಕಿಸಬಹುದು ಅನ್ನುವಷ್ಟು ಮಾತ್ರ ಬರೆದುಕೊಳ್ಳಿ. ಪೂರ್ತಿ ಹೇಳಿಕೆ ತೆಗೆಯುವುದು ತನಿಖೆಗಾರರ ಕೆಲಸ. ಮಕ್ಕಳನ್ನು, ಅತ್ಯಾಚಾರಕ್ಕೆ ಒಳಗಾದವರನ್ನು ನೀವು ಕೇಳಲೇಬೇಡಿ.

ಹೆಸರು ಕೊಡುವ ಮೊದಲು ಒಪ್ಪಿಗೆ ಕೇಳಿ. ಒಪ್ಪಿಗೆ ಅಂದರೆ "ಹೂಂ" ಅನಿಸಿಕೊಳ್ಳುವುದಲ್ಲ. ಇದು ಎಲ್ಲಿಗೆ ಹೋಗುತ್ತದೆ, ಯಾರು ಓದಬಹುದು, ಮುಂದೆ ಕರೆ ಬರಬಹುದು, ಬೇಡ ಅನ್ನುವ ಹಕ್ಕು ಇದೆ ಅಂತ ಬಿಡಿಸಿ ಹೇಳಿ. ಅವರ ಮನೆಯವರು ಇನ್ನೂ ಆ ದೇಶದಲ್ಲಿದ್ದರೆ ಎರಡು ಸಲ ಯೋಚಿಸಿ. ಕಳಿಸಿದ ಮಾಹಿತಿಯ ಗುಟ್ಟು ಕಾಪಾಡುವುದು ಪ್ರಾಸಿಕ್ಯೂಟರ್ ಮೇಲೆ ನಿಯಮದ ಪ್ರಕಾರವೇ ಇರುವ ಹೊಣೆ. ಆದರೆ ಪತ್ರದ ಪ್ರತಿಯನ್ನು ನೀವೇ ಫೇಸ್‌ಬುಕ್‌ಗೆ ಹಾಕಿದರೆ ಅವರು ಕಾಪಾಡುವುದೇನು?

ಬರೆಯುವುದು

ಡಿಸಿ ಕಚೇರಿ ಮುಂದೆ ಅರ್ಜಿ ಬರೆದುಕೊಡುವವರ ಭಾಷೆ ನಮ್ಮ ಕೈಗೆ ಅಂಟಿಬಿಟ್ಟಿದೆ. "ದಯಾಳುಗಳಾದ ತಾವು ಈ ಬಡವನ ಮೇಲೆ ಕೃಪೆ ತೋರಿ" ಅಂತ ಶುರು ಮಾಡುತ್ತೇವೆ. ಇಲ್ಲಿ ಅದು ಬೇಡ. "ರಾಕ್ಷಸರು", "ಇಡೀ ಜಗತ್ತು ತಲೆತಗ್ಗಿಸುವಂತೆ" ಅನ್ನುವುದೂ ಬೇಡ. ನೋಡಿದ್ದನ್ನು ಬರೆಯಿರಿ.

ತೋರಿಸಲಿಕ್ಕೆ ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಕರಡು ಹೀಗಿರುತ್ತದೆ: "ನಿರ್ದಯಿ ಸೈನಿಕರು ಬಡ ವಿದ್ಯಾರ್ಥಿಗಳ ಹಾಸ್ಟೆಲ್ ಮೇಲೆ ಬಾಂಬ್ ಸುರಿಸಿ ನಾಶ ಮಾಡಿದರು." ತಿದ್ದಿದ ಮೇಲೆ ಹೀಗಾಗಬೇಕು: "ನಾನು ಹಾಸ್ಟೆಲಿನ ನಾಲ್ಕನೇ ಮಹಡಿಯ ಕಿಟಕಿಯಲ್ಲಿದ್ದೆ. ಅಲ್ಲಿನ ಹೊತ್ತು ಬೆಳಿಗ್ಗೆ ಸುಮಾರು ಏಳು ಕಾಲು. ಎರಡು ಸ್ಫೋಟ ಕೇಳಿದೆ. ಎದುರಿನ ಅಂಗಡಿಯ ಗೋಡೆ ಬಿದ್ದದ್ದನ್ನು ನೋಡಿದೆ. ಹಾರಿಸಿದವರನ್ನು ನಾನು ನೋಡಲಿಲ್ಲ. ಹಿಂದಿನ ಎರಡು ದಿನ ಆ ಬೀದಿಯಲ್ಲಿ ಸೈನಿಕರನ್ನಾಗಲಿ, ಸೇನೆಯ ಗಾಡಿಯನ್ನಾಗಲಿ ನಾನು ನೋಡಿರಲಿಲ್ಲ. ಇಬ್ಬರು ಸತ್ತರು ಅಂತ ಅಂಗಡಿಯವರು ಆಮೇಲೆ ಹೇಳಿದರು, ನಾನು ಕಣ್ಣಾರೆ ನೋಡಿಲ್ಲ."

ಎರಡನೆಯದರಲ್ಲಿ ಸಿಟ್ಟಿನ ಒಂದು ಪದ ಇಲ್ಲ. ಆದರೆ ಪ್ರತಿ ವಾಕ್ಯವೂ ತನಿಖೆಗಾರನಿಗೆ ಒಂದೊಂದು ಎಳೆ ಕೊಡುತ್ತದೆ. ಸೈನಿಕರಿರಲಿಲ್ಲ ಅನ್ನುವ ವಾಕ್ಯ ನೋಡಿ. ಅಲ್ಲಿ ಸೇನೆಯ ನೆಲೆ ಇತ್ತೋ ಇಲ್ಲವೋ ಅನ್ನುವುದರ ಮೇಲೆ ಅದು ಯುದ್ಧಾಪರಾಧ ಹೌದೋ ಅಲ್ಲವೋ ಅನ್ನುವುದು ನಿಲ್ಲಬಹುದು. ಸೈನಿಕರು ಇದ್ದರು ಅಂದರೆ ಅದನ್ನೂ ಬರೆಯಿರಿ. ನಿಮ್ಮ ವಾದಕ್ಕೆ ಅಡ್ಡ ಬರುವುದನ್ನು ಮುಚ್ಚಿಟ್ಟರೆ, ಸಿಕ್ಕಿಬಿದ್ದ ದಿನ ಉಳಿದದ್ದೂ ಬಿದ್ದುಹೋಗುತ್ತದೆ.

ಕಣ್ಣಾರೆ ಕಂಡದ್ದು, ಬೇರೆಯವರಿಂದ ಕೇಳಿದ್ದು, ನಿಮ್ಮ ಊಹೆ, ಇವು ಮೂರು ಬೇರೆ ಬೇರೆ ಅಂತ ಓದುವವರಿಗೆ ಗೊತ್ತಾಗಬೇಕು.

ಪತ್ರದ ಕ್ರಮ ಹೀಗಿರಲಿ. ಮೊದಲ ಪುಟದಲ್ಲೇ ಸಾರಾಂಶ: ಇದು 15ನೇ ವಿಧಿಯ ಕೆಳಗಿನ ಮಾಹಿತಿ, ಯಾವ ದೇಶ, ಯಾವ ಅವಧಿ, ಯಾವ ಬಗೆಯ ಅಪರಾಧ, ನ್ಯಾಯಾಲಯಕ್ಕೆ ಅಧಿಕಾರ ಹೇಗೆ ಬರುತ್ತದೆ. ಅರ್ಧ ಪುಟ ದಾಟಬಾರದು. ನಂತರ ನೀವು ಯಾರು, ನಿಮಗೆ ಹೇಗೆ ಗೊತ್ತು. ನಂತರ ಘಟನೆಗಳು, ತಾರೀಖಿನ ಪ್ರಕಾರ, ಪ್ಯಾರಾಗಳಿಗೆ ನಂಬರ್ ಹಾಕಿ. ಪ್ರತಿ ಪ್ಯಾರಾದ ಕೊನೆಗೆ ಅದಕ್ಕೆ ಆಧಾರ ಯಾವ ಲಗತ್ತು ಅಂತ ಸೂಚಿಸಿ. ನಂತರ ಯಾರು ಹೊಣೆ ಅನ್ನುವುದು. ಇಲ್ಲಿ ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಸಮವಸ್ತ್ರದ ಬಣ್ಣ, ತೋಳಿನ ಚಿಹ್ನೆ, ಗಾಡಿ ಮೇಲಿನ ಗುರುತು, ಮಾತಾಡಿದ ಭಾಷೆ, ಆಜ್ಞೆ ಕೊಡುತ್ತಿದ್ದವನು ಯಾರು, ಇಷ್ಟು ಸಾಕು. ಈ ನ್ಯಾಯಾಲಯ ಹೆಚ್ಚಾಗಿ ಮೇಲಿನವರ ಮೇಲೆ ಕಣ್ಣಿಡುತ್ತದೆ. 2024ರ ಜೂನ್‌ನಲ್ಲಿ ಉಕ್ರೇನಿನ ವಿದ್ಯುತ್ ಕೇಂದ್ರಗಳ ಮೇಲಿನ ದಾಳಿಗೆ ಸಂಬಂಧಿಸಿ ವಾರಂಟ್ ಹೊರಟಿದ್ದು ರಷ್ಯಾದ ಮಾಜಿ ರಕ್ಷಣಾ ಮಂತ್ರಿ ಶೊಯಿಗು, ಸೇನಾ ಮುಖ್ಯಸ್ಥ ಗೆರಾಸಿಮೊವ್ ಮೇಲೆ. ಹಾಗಾಗಿ ಒಂದೇ ಬಗೆಯ ದಾಳಿ ಹಲವು ಕಡೆ, ಹಲವು ದಿನ ನಡೆದದ್ದು ನಿಮಗೆ ಗೊತ್ತಿದ್ದರೆ ಅದನ್ನು ಒಟ್ಟಿಗೆ ತೋರಿಸಿ. ಕೊನೆಗೆ ಲಗತ್ತುಗಳ ಪಟ್ಟಿ.

ಭಾಷೆ ಇಂಗ್ಲಿಷ್ ಅಥವಾ ಫ್ರೆಂಚ್ ಇರಲಿ, ಕಚೇರಿ ಕೆಲಸ ಮಾಡುವುದು ಅವೆರಡರಲ್ಲಿ. ಆದರೆ ಕನ್ನಡದಲ್ಲೇ ಯೋಚಿಸಿ, ಮೊದಲು ಕನ್ನಡದಲ್ಲೇ ಬರೆಯಿರಿ. ನಮ್ಮ ಹುಡುಗ ನೇರ ಇಂಗ್ಲಿಷ್‌ನಲ್ಲಿ ಬರೆದಾಗ ಗೊತ್ತಿದ್ದ ಪದಕ್ಕೆ ತಕ್ಕಂತೆ ಘಟನೆಯೇ ಬದಲಾಗುತ್ತಿತ್ತು. ಗುಂಡು, ಶೆಲ್, ಬಾಂಬ್ ಎಲ್ಲಕ್ಕೂ ಒಂದೇ ಪದ ಹಾಕಿದ್ದ. ಕನ್ನಡ ಮೂಲಕ್ಕೆ ದಿನಾಂಕ, ಸಹಿ ಹಾಕಿ, ಅನುವಾದದ ಜೊತೆ ಅದನ್ನೂ ಲಗತ್ತಿಸಿ. ಅನುವಾದ ಮಾಡಿದವರ ಹೆಸರು ಇರಲಿ. ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುವವರಲ್ಲಿ ಎರಡೂ ಭಾಷೆ ಬಲ್ಲವರನ್ನು ಕೇಳಿ ನೋಡಿ. ಆದರೆ ಸಾಕ್ಷಿಗಳ ಹೆಸರಿರುವ ಕಾಗದವನ್ನು ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಬಿಟ್ಟು ಬರಬೇಡಿ.

ಕಳಿಸುವುದು

ಪ್ರಾಸಿಕ್ಯೂಟರ್ ಕಚೇರಿ 2023ರಿಂದ ಓಟಿಪಿ ಲಿಂಕ್ ಅನ್ನುವ ಆನ್‌ಲೈನ್ ವ್ಯವಸ್ಥೆ ನಡೆಸುತ್ತಿದೆ. ಇಲ್ಲಿ ಓಟಿಪಿ ಅಂದರೆ ಫೋನಿಗೆ ಬರುವ ಪಾಸ್‌ವರ್ಡ್ ಅಲ್ಲ, ಆಫೀಸ್ ಆಫ್ ದಿ ಪ್ರಾಸಿಕ್ಯೂಟರ್ ಅನ್ನುವುದರ ಚಿಕ್ಕ ರೂಪ. ಈಗ ಅದೇ ಒಳ್ಳೆಯ ದಾರಿ. ನ್ಯಾಯಾಲಯದ ಅಧಿಕೃತ ವೆಬ್‌ಸೈಟ್ ತೆರೆದು, ಅಲ್ಲಿಂದಲೇ ಅದಕ್ಕೆ ಹೋಗಿ. ಯಾರೋ ಫಾರ್ವರ್ಡ್ ಮಾಡಿದ ಲಿಂಕ್ ಒತ್ತಬೇಡಿ. ಸೈಬರ್ ಕೆಫೆ ಬೇಡ, ಕಾಲೇಜಿನ ವೈಫೈ ಬೇಡ. ನಿಮ್ಮದೇ ಕಂಪ್ಯೂಟರ್, ನಿಮ್ಮದೇ ನೆಟ್ ಇರಲಿ. ವಿಡಿಯೊಗಳ ಮೂಲ ಫೈಲನ್ನೇ ಏರಿಸಿ.

ಅಂಚೆಯಲ್ಲೂ ಕಳಿಸಬಹುದು. ವಿಳಾಸ: ಪ್ರಾಸಿಕ್ಯೂಟರ್ ಕಚೇರಿ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ, ಪೋಸ್ಟ್ ಬಾಕ್ಸ್ 19519, 2500 ಸಿಎಂ, ದಿ ಹೇಗ್, ನೆದರ್ಲೆಂಡ್ಸ್. ಲಕೋಟೆ ಮೇಲೆ ಇಂಗ್ಲಿಷ್‌ನಲ್ಲಿ ಬರೆಯಿರಿ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮೂಲ ಕಾಗದ, ಮೂಲ ಫೋನ್ ಕಳಿಸಲೇಬೇಡಿ, ಪ್ರತಿ ಸಾಕು. ಬೇಕಾದರೆ ಅವರೇ ಕೇಳುತ್ತಾರೆ.

ಒಂದು ಎಚ್ಚರಿಕೆ. ಈ ಕೆಲಸಕ್ಕೆ ದುಡ್ಡು ಕೇಳುವವರು, "ನಮಗೆ ಹೇಗ್‌ನಲ್ಲಿ ಪರಿಚಯ ಇದೆ" ಅನ್ನುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಸುಳ್ಳು ಸೇರಿಸಿದರೆ ಕೇಸು ಗಟ್ಟಿಯಾಗುತ್ತದೆ ಅನ್ನುವವರನ್ನಂತೂ ಒಳಗೇ ಬಿಡಬೇಡಿ. ಸುಳ್ಳು ಸಾಕ್ಷ್ಯ ಕೊಟ್ಟವರಿಗೆ ಆ ನ್ಯಾಯಾಲಯ ಐದು ವರ್ಷದವರೆಗೆ ಶಿಕ್ಷೆ ಕೊಡಬಹುದು.

ಕಳಿಸಿದ ಮೇಲೆ

ಸ್ವೀಕೃತಿ ಬರುತ್ತದೆ. ಅದರಲ್ಲಿನ ನಂಬರ್ ಜೋಪಾನ ಮಾಡಿ, ಹೊಸ ಮಾಹಿತಿ ಕಳಿಸುವಾಗ ಅದನ್ನೇ ಹಾಕಿ. ಆಮೇಲೆ ಬಹಳ ದಿನ ಏನೂ ಬರದೇ ಇರಬಹುದು. ಒಳಗೆ ನಡೆಯುವುದು ಇಷ್ಟು: ಮೊದಲು ಅಧಿಕಾರದ ಹೊರಗಿನವನ್ನು ಬೇರ್ಪಡಿಸುತ್ತಾರೆ. ಉಳಿದವನ್ನು ಅಪರಾಧದ ಬಗೆ, ಗಂಭೀರತೆ, ಸ್ಥಳೀಯ ಕೋರ್ಟು ಏನು ಮಾಡುತ್ತಿದೆ ಅಂತ ಹಂತ ಹಂತವಾಗಿ ತೂಗುತ್ತಾರೆ. ಪ್ರಾಸಿಕ್ಯೂಟರ್ ತಾವಾಗಿಯೇ ಹೊಸ ತನಿಖೆ ತೆರೆಯಬೇಕಾದರೆ ಮೂವರು ನ್ಯಾಯಾಧೀಶರ ಅನುಮತಿ ಬೇಕು. ಖಾರ್ಕಿವ್ ವಿಷಯದಲ್ಲಿ ಹಲವು ಸದಸ್ಯ ದೇಶಗಳೇ ಒಪ್ಪಿಸಿದ್ದರಿಂದ ಅದು ಬೇಕಾಗಲಿಲ್ಲ. ತನಿಖೆ ಆಗಲೇ ನಡೆಯುತ್ತಿದ್ದರೆ ನಿಮ್ಮ ಪತ್ರ ಆ ಕಡತಕ್ಕೆ ಸೇರುತ್ತದೆ.

ಎಷ್ಟು ಕಾಲ? ಜಾರ್ಜಿಯಾ ದೇಶದಲ್ಲಿ ಯುದ್ಧ ನಡೆದದ್ದು 2008ರಲ್ಲಿ. ತನಿಖೆ ತೆರೆದದ್ದು 2016ರಲ್ಲಿ. ವಾರಂಟ್ ಹೊರಟಿದ್ದು 2022ರಲ್ಲಿ. ನ್ಯಾಯಾಲಯಕ್ಕೆ ತನ್ನದೇ ಪೊಲೀಸ್ ಇಲ್ಲ, ಹಿಡಿದುಕೊಡಬೇಕಾದದ್ದು ದೇಶಗಳು. ಈ ಮಾತನ್ನು ಆ ಹಿರಿಯರಿಗೆ ಮೊದಲೇ ಹೇಳಿದ್ದೆ. ಹೇಳದೆ ಆಸೆ ಹುಟ್ಟಿಸುವುದು ಮೋಸ. ಹಾಗಂತ ಸುಮ್ನೆ ಅಲ್ಲ. ಮಾಲಿ ದೇಶದ ಟಿಂಬಕ್ಟು ಊರಿನಲ್ಲಿ ಹಳೆಯ ಗೋರಿಗಳನ್ನು 2012ರಲ್ಲಿ ಕೆಡವಿಸಿದವನಿಗೆ 2016ರಲ್ಲೇ ಒಂಬತ್ತು ವರ್ಷ ಶಿಕ್ಷೆ ಆಯಿತು.

ನೊಂದವರು ವಿಚಾರಣೆಯಲ್ಲಿ ಪಾಲ್ಗೊಳ್ಳಲು, ಪರಿಹಾರ ಕೇಳಲು ಬೇರೆಯೇ ಅರ್ಜಿ ಇದೆ. ಅದು ಪ್ರಾಸಿಕ್ಯೂಟರ್ ಕಚೇರಿಗಲ್ಲ, ನ್ಯಾಯಾಲಯದ ರಿಜಿಸ್ಟ್ರಿಯಲ್ಲಿ ನೊಂದವರಿಗಾಗಿಯೇ ಇರುವ ವಿಭಾಗಕ್ಕೆ ಹೋಗಬೇಕು. ಮಾಹಿತಿ ಪತ್ರ ಕಳಿಸಿದ ಮಾತ್ರಕ್ಕೆ ಪರಿಹಾರದ ಅರ್ಜಿ ಹಾಕಿದಂತಲ್ಲ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ.

ಹೇಗ್ ಬಾಗಿಲು ಮುಚ್ಚಿದ್ದರೆ

ಬೇರೆ ದಾರಿಗಳಿವೆ. ಜರ್ಮನಿಯಂಥ ದೇಶಗಳು ಎಲ್ಲೋ ನಡೆದ ಇಂಥ ಅಪರಾಧವನ್ನೂ ತಮ್ಮ ಕೋರ್ಟಿನಲ್ಲಿ ವಿಚಾರಣೆ ಮಾಡುತ್ತವೆ. ಸಿರಿಯಾದ ಜೈಲಿನಲ್ಲಿ ನಡೆದ ಚಿತ್ರಹಿಂಸೆಗೆ ಅಲ್ಲಿನ ಅಧಿಕಾರಿ ಅನ್ವರ್ ರಸ್ಲಾನ್‌ಗೆ 2022ರ ಜನವರಿ 13ರಂದು ಜರ್ಮನಿಯ ಕೊಬ್ಲೆಂಜ್ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಯಾರನ್ನಾದರೂ ಸರ್ಕಾರಿ ಪಡೆಗಳು ಕಾಣೆ ಮಾಡಿದ್ದರೆ ವಿಶ್ವಸಂಸ್ಥೆಯ ಕಾರ್ಯಪಡೆ 1980ರಿಂದ ಅಂಥ ದೂರು ತಗೊಳ್ಳುತ್ತಿದೆ. ಉಕ್ರೇನಿನ ವಿಷಯವಾದರೆ ಆ ದೇಶದ ಪ್ರಾಸಿಕ್ಯೂಟರ್ ಜನರಲ್ ಯುದ್ಧಾಪರಾಧಗಳಿಗೆಂದೇ ಪ್ರತ್ಯೇಕ ವೆಬ್‌ಸೈಟ್ ನಡೆಸುತ್ತಾರೆ. ಭಾರತದಲ್ಲಿ ಸರ್ಕಾರಿ ಅಧಿಕಾರಿಗಳಿಂದ ಆದ ಅನ್ಯಾಯಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಇದೆ, ಕನ್ನಡದಲ್ಲೇ ಬರೆಯಬಹುದು, ಫೀಸು ಇಲ್ಲ. ಆದರೆ ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು. ಒಂದೇ ಘಟನೆಯನ್ನು ಎರಡು ಕಡೆ ಕಳಿಸಿದರೆ ಎರಡೂ ಕಡೆ ಅದನ್ನು ತಿಳಿಸಿ, ಎರಡರಲ್ಲೂ ಮಾತು ಒಂದೇ ಇರಲಿ.

ಆ ಹುಡುಗ ಈಗ ಓದು ಮುಗಿಸಿದ್ದಾನೆ. ಅವನ ಹಳೆಯ ಫೋನು ಅವರ ಮನೆಯ ಗೋದ್ರೇಜ್ ಕಪಾಟಿನಲ್ಲಿದೆ, ನೋಟ್‌ಬುಕ್ಕೂ ಅದರ ಜೊತೆಗೇ. ತನಿಖೆಗಾರರು ವರ್ಷಗಟ್ಟಲೆ ಆದ ಮೇಲೆ ಕೇಳಿದರೂ ಅದು ಆನ್ ಆಗಬೇಕಲ್ವಾ? ಅದಕ್ಕೇ ಮೂರು ತಿಂಗಳಿಗೊಮ್ಮೆ ತಂದೆ ಅದನ್ನು ತೆಗೆದು ಅರ್ಧ ಚಾರ್ಜ್ ಮಾಡಿ, ನೋಟ್‌ಬುಕ್‌ನಲ್ಲಿ ತಾರೀಖು ಬರೆದು, ಮತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ.